ರೆಸಿನ್ ಒಣಗುವುದಿಲ್ಲ, ಹೆಪ್ಪುಗಟ್ಟುತ್ತದೆ
ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲಿ ಫೈಬರ್ ಕೆಲಸ

ಪ್ರಶ್ನೆ: ತಂದೆಯವರ ಕಾಲದ ಚಿಕ್ಕ ಮರದ ದೋಣಿಯೊಂದು ನಮ್ಮ ಮನೆಯಲ್ಲಿದೆ. ಹಿನ್ನೀರಿನಲ್ಲಿ ಓಡಾಡಲು ಆಗಲೆಂದು ಜುಲೈ ತಿಂಗಳಲ್ಲಿ ಕೊಟ್ಟಿಗೆಯ ಮಾಡಿನಡಿ ಇಟ್ಟು, ಹೊರಮೈಗೆ ಎರಡು ಪದರ ಮ್ಯಾಟ್ (ಗಾಜಿನ ಎಳೆಗಳ ಹಾಸು) ಹಾಕಿ ಫೈಬರ್ ಹೊದಿಸಿದೆ. ರೆಸಿನ್, ಕೋಬಾಲ್ಟ್, ಹಾರ್ಡ್‌ನರ್ ಮೂರನ್ನೂ ಅಂಗಡಿಯವರೇ ಕೊಟ್ಟರು. ಹಾರ್ಡ್‌ನರನ್ನು ಬಾಟಲಿಯ ಮುಚ್ಚಳದಲ್ಲಿ ಅಳೆದು ಹಾಕಿದೆ. ಆರು ದಿನ ಕಳೆದರೂ ಮೈಯೆಲ್ಲ ಅಂಟಂಟಾಗಿದೆ, ಒಂದು ಬದಿ ಉಗುರಿನಿಂದ ಒತ್ತಿದರೆ ರಬ್ಬರಿನಂತೆ ತಗ್ಗುತ್ತದೆ, ತಳದ ಎರಡು ಮೂರು ಕಡೆ ಮ್ಯಾಟ್ ಎತ್ತಿದರೆ ಒಳಗೆ ಹಸಿಯಾಗಿಯೇ ಇದೆ. ಫ್ಯಾನ್ ಹಾಕಿಟ್ಟರೂ ಒಣಗಲಿಲ್ಲ. ಮೇಲಿನಿಂದ ಇನ್ನಷ್ಟು ಹಾರ್ಡ್‌ನರ್ ಬಳಿದರೆ ಸರಿಹೋಗುತ್ತದೆ ಎಂದು ನೆರೆಯವರು ಹೇಳುತ್ತಾರೆ. ಬಳಿಯಬಹುದೇ? (ಹಿಂದೆ ಈ ದೋಣಿಗೆ ಪ್ರತಿ ವರ್ಷ ಮೀನೆಣ್ಣೆ, ಗೇರೆಣ್ಣೆ ಹಚ್ಚುತ್ತಿದ್ದರು.)
– ಓದುಗರು, ಕುಂದಾಪುರ ತಾಲ್ಲೂಕು

ಉತ್ತರ: ಬಳಿಯಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ತಮ್ಮ ಪತ್ರದಲ್ಲಿರುವ ‘ಒಣಗಲಿಲ್ಲ’ ಎಂಬ ಮಾತನ್ನು ಸ್ವಲ್ಪ ನೋಡಬೇಕು, ಏಕೆಂದರೆ ಫೈಬರ್ ಕೆಲಸದಲ್ಲಿ ನಾವು ಮಾಡುವ ತಪ್ಪುಗಳಲ್ಲಿ ಅರ್ಧದಷ್ಟು ಈ ಒಂದು ಪದದಿಂದಲೇ ಹುಟ್ಟುತ್ತವೆ. ಬಣ್ಣ ಒಣಗುತ್ತದೆ, ಅದರಲ್ಲಿರುವ ಥಿನ್ನರ್ ಗಾಳಿಗೆ ಹಾರಿಹೋಗಿ ಬಣ್ಣ ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಫೈಬರ್ ರೆಸಿನ್ ಎಂದರೆ ಸ್ಟೈರೀನ್ ಎಂಬ ದ್ರವದಲ್ಲಿ ಕರಗಿಸಿದ ಪಾಲಿಯೆಸ್ಟರ್. ಇಲ್ಲಿ ಆ ಸ್ಟೈರೀನ್ ಹಾರಿಹೋಗಬಾರದು. ಪಾಲಿಯೆಸ್ಟರಿನ ಉದ್ದನೆಯ ಎಳೆಗಳ ನಡುವೆ ಅದೇ ಕೊಂಡಿಯಾಗಿ ಸೇರಿಕೊಂಡು ಇಡೀ ದ್ರವವನ್ನು ಒಂದೇ ಬಲೆಯಾಗಿ ಹೆಣೆಯಬೇಕು. ಹಾಲಿಗೆ ಹೆಪ್ಪು ಹಾಕಿದಾಗ ನೀರು ಆರಿಹೋಗಿ ಮೊಸರಾಗುವುದಿಲ್ಲವಲ್ಲ, ಹಾಗೆಯೇ ಇದೂ ಕೂಡ. ಹಾಲು ಬೆಚ್ಚಗಿರಬೇಕು, ಹೆಪ್ಪು ಚೆನ್ನಾಗಿ ಬೆರೆಯಬೇಕು, ಆಮೇಲೆ ಅಲುಗಾಡಿಸದೆ ಬಿಡಬೇಕು ಎಂಬ ಅಡುಗೆಮನೆಯ ಮೂರು ನಿಯಮಗಳೂ ಇಲ್ಲಿ ಹೊಂದುತ್ತವೆ. ಹೀಗಾಗಿ ಫ್ಯಾನ್ ಹಾಕಿದ್ದರಿಂದ ತಮಗೆ ಲಾಭವಾಗಲಿಲ್ಲ ಎಂಬುದಷ್ಟೇ ಅಲ್ಲ, ಮೇಲ್ಪದರದಲ್ಲಿ ಕೊಂಡಿಯಾಗಬೇಕಿದ್ದ ಸ್ಟೈರೀನ್ ಹಾರಿಹೋಗಿ, ಮೈ ತಂಪಾಗಿ, ಸ್ವಲ್ಪ ನಷ್ಟವೇ ಆಗಿರಬಹುದು.

ಹೆಪ್ಪಿನ ಪಾತ್ರವನ್ನು ಇಲ್ಲಿ ವಹಿಸುವುದು ಹಾರ್ಡ್‌ನರ್, ಅಂದರೆ ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್. ಅದು ಒಡೆದಾಗ ಹುಟ್ಟುವ ಚುರುಕಾದ ಕಣಗಳೇ ಹೆಣಿಗೆಯನ್ನು ಆರಂಭಿಸುತ್ತವೆ. ಕೋಣೆಯ ಉಷ್ಣಾಂಶದಲ್ಲಿ ಅದು ತಾನಾಗಿ ಬೇಗ ಒಡೆಯುವುದಿಲ್ಲವಾದ್ದರಿಂದ ಅದನ್ನು ಒಡೆಯಿಸಲು ಕೋಬಾಲ್ಟ್ ಬೇಕು. ಈ ಎರಡನ್ನು ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು. ಬೆರೆಸಿದರೆ ಅಲ್ಲಿಯೇ ಬೆಂಕಿ ಏಳಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಬಣ್ಣ ಒಂದೇ ಸಮವಾಗುವವರೆಗೆ ಕಲಕಬೇಕು, ಹಾರ್ಡ್‌ನರನ್ನು ಬಳಿಯುವ ಹೊತ್ತಿಗೆ ಮಾತ್ರ ಸೇರಿಸಬೇಕು. ಎರಡಕ್ಕೂ ಒಂದೇ ಚಮಚ ಬಳಸುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ಕೆಲವು ರೆಸಿನ್‌ಗಳಿಗೆ ಕಾರ್ಖಾನೆಯಲ್ಲಿಯೇ ಕೋಬಾಲ್ಟ್ ಸೇರಿಸಿರುತ್ತಾರೆ. ಅವು ಸಾಮಾನ್ಯವಾಗಿ ನಸುಗೆಂಪು ಅಥವಾ ನೇರಳೆ ಛಾಯೆಯಲ್ಲಿರುತ್ತವೆ. ಕೊಳ್ಳುವಾಗಲೇ ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಈಗ ತಮ್ಮ ದೋಣಿಗೆ ಬರೋಣ. ತಾವು ಒಂದು ದೂರು ಎಂದು ಬರೆದಿರುವುದು ನಿಜವಾಗಿ ಮೂರು ಬೇರೆ ಬೇರೆ ದೋಷಗಳು. ಮೊದಲನೆಯದು ಮೇಲ್ಮೈಯ ಅಂಟು. ಉಗುರು ಇಳಿಯದಷ್ಟು ಗಟ್ಟಿಯಾಗಿದ್ದು, ಮುಟ್ಟಿದರೆ ಮಾತ್ರ ಬೆರಳಿಗೆ ಹತ್ತುವಂತಿದ್ದರೆ ಅದು ದೋಷವೇ ಅಲ್ಲ. ಗಾಳಿಯಲ್ಲಿರುವ ಆಮ್ಲಜನಕವು ಹೆಣಿಗೆಯ ಕಣಗಳನ್ನು ಮೇಲ್ಪದರದಲ್ಲಿ ಹಿಡಿದು ನಿಲ್ಲಿಸಿಬಿಡುತ್ತದೆ. ಮೇಣ ಸೇರಿಸದ ರೆಸಿನ್‌ಗಳೆಲ್ಲ ಹೀಗೆಯೇ ಇರುತ್ತವೆ, ಮತ್ತು ಮುಂದಿನ ಪದರ ಚೆನ್ನಾಗಿ ಕಚ್ಚಿಕೊಳ್ಳಲೆಂದು ಅವು ಹೀಗಿರುವುದೇ ಬೇಕು. ಕೊನೆಯ ಕೋಟಿಗೆ ಮಾತ್ರ ಮೇಣದ ದ್ರಾವಣ ಸೇರಿಸಿದ ರೆಸಿನ್ ಬಳಿದರೆ, ಮೇಣ ಮೇಲಕ್ಕೆ ತೇಲಿ ಬಂದು ಗಾಳಿಯನ್ನು ತಡೆಯುತ್ತದೆ, ಅಂಟು ಉಳಿಯುವುದಿಲ್ಲ. ಚಿಕ್ಕ ಕೆಲಸವಾದರೆ ನಯವಾದ ಪಾಲಿಯೆಸ್ಟರ್ ಹಾಳೆಯನ್ನು ಗುಳ್ಳೆಯಿಲ್ಲದಂತೆ ಮೇಲೆ ಹಾಸಿದರೂ ಅದೇ ಫಲ ಸಿಗುತ್ತದೆ.

ಎರಡನೆಯದು ಆ ರಬ್ಬರಿನಂತಹ ಬದಿ. ಅಲ್ಲಿ ಹೆಣಿಗೆ ಆರಂಭವಾಗಿದೆ, ಆದರೆ ಅರ್ಧದಲ್ಲಿ ನಿಂತಿದೆ. ಇದಕ್ಕೆ ನಾನು ಮೊದಲು ಸಂಶಯಿಸುವುದು ಬಾಟಲಿಯ ಮುಚ್ಚಳವನ್ನು. ಹಾರ್ಡ್‌ನರ್ ಬೇಕಾದದ್ದು ರೆಸಿನ್‌ನ ತೂಕದ ಶೇಕಡಾ 1ರಿಂದ 2ರಷ್ಟು ಮಾತ್ರ: ಅರ್ಧ ಕಿಲೋ ರೆಸಿನ್‌ಗೆ ಶೇಕಡಾ 1.5 ಎಂದರೆ 7.5 ಗ್ರಾಂ, ಸುಮಾರು ಆರೂವರೆ ಮಿಲಿಲೀಟರ್. ಇಷ್ಟು ಸಣ್ಣ ಪ್ರಮಾಣದಲ್ಲಿ ಮುಚ್ಚಳದ ಅಳತೆ ಒಂದು ಸಲ ಅರ್ಧವಾಗಿ, ಇನ್ನೊಂದು ಸಲ ಎರಡರಷ್ಟಾಗಿ ಹೋಗುವುದು ಸಹಜ. ಔಷಧದಂಗಡಿಯಲ್ಲಿ ಸಿಗುವ 10 ಮಿಲಿಲೀಟರಿನ ಸೂಜಿಯಿಲ್ಲದ ಸಿರಿಂಜ್ ಮತ್ತು ಅಡುಗೆಮನೆಯ ಡಿಜಿಟಲ್ ತಕ್ಕಡಿ, ಇವೆರಡಿದ್ದರೆ ಈ ತೊಂದರೆ ಇರುವುದಿಲ್ಲ. (ಆ ತಕ್ಕಡಿ ಮತ್ತೆ ಅಡುಗೆಮನೆಗೆ ಹೋಗಬಾರದು.) ಕಲಕುವುದರಲ್ಲಿಯೂ ಅವಸರ ಬೇಡ; ಮಗ್ಗಿನ ಗೋಡೆ ಮತ್ತು ತಳವನ್ನು ಕೆರೆದು ಕೆರೆದು ಕನಿಷ್ಠ ಒಂದೆರಡು ನಿಮಿಷ ನಿಧಾನವಾಗಿ ಕಲಕಬೇಕು. ಗೋಡೆಗೆ ಅಂಟಿದ ರೆಸಿನ್‌ಗೆ ಹಾರ್ಡ್‌ನರ್ ತಲುಪಿರುವುದಿಲ್ಲ, ಕೊನೆಗೆ ಅದನ್ನೇ ನಾವು ಬ್ರಷ್ಷಿನಿಂದ ಬಳಿದು ತೆಗೆದು ದೋಣಿಗೆ ಹಚ್ಚುತ್ತೇವೆ.

ಮೂರನೆಯದೇ ನಿಜವಾದ ತೊಡಕು. ತಳದಲ್ಲಿ ಮ್ಯಾಟಿನ ಒಳಗೆ ಹಸಿಯಾಗಿಯೇ ಉಳಿದಿರುವುದನ್ನು ಅಳತೆಯ ತಪ್ಪಿನಿಂದಷ್ಟೇ ವಿವರಿಸಲಾಗದು, ಏಕೆಂದರೆ ಅದೇ ಮಗ್ಗಿನ ರೆಸಿನ್ ಪಕ್ಕದಲ್ಲಿ ಗಟ್ಟಿಯಾಗಿದೆ. ತಾವು ಆವರಣದೊಳಗೆ ಬರೆದಿರುವ ಕೊನೆಯ ವಾಕ್ಯ ಇಡೀ ಪತ್ರದಲ್ಲಿ ಮುಖ್ಯವಾದದ್ದು. ಮರವನ್ನು ಹುಳದಿಂದ ಮತ್ತು ಉಪ್ಪುನೀರಿನಿಂದ ಕಾಯಲು ಕರಾವಳಿಯವರು ಮೀನೆಣ್ಣೆ, ಗೇರೆಣ್ಣೆಗಳನ್ನು ಬಳಸುತ್ತ ಬಂದದ್ದು ಬುದ್ಧಿವಂತಿಕೆಯೇ. ಆದರೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯ ಬಹುಭಾಗ ಫೀನಾಲ್ ಜಾತಿಯ ವಸ್ತುಗಳು, ಮತ್ತು ರೆಸಿನ್ ಡಬ್ಬಿಯಲ್ಲಿಯೇ ಗಟ್ಟಿಯಾಗದಿರಲೆಂದು ತಯಾರಕರು ಸೇರಿಸುವ ತಡೆಗಾರಗಳೂ ಆ ಜಾತಿಯವೇ. ಹುಳವನ್ನು ದೂರವಿಟ್ಟ ಎಣ್ಣೆಯೇ ಇಂದು ತಮ್ಮ ರೆಸಿನ್‌ನ ಹೆಣಿಗೆಯನ್ನೂ ದೂರವಿಟ್ಟಿದೆ. ಮೀನೆಣ್ಣೆಯಂತೂ ರೆಸಿನ್ ಮರಕ್ಕೆ ಕಚ್ಚಿಕೊಳ್ಳಲು ಬಿಡುವುದೇ ಇಲ್ಲ. ಬೀಟೆಯಂತಹ ಕೆಲವು ಮರಗಳು ಯಾರೂ ಏನನ್ನೂ ಹಚ್ಚದಿದ್ದರೂ ತಮ್ಮೊಳಗಿನ ಸತ್ವದಿಂದಲೇ ಪಾಲಿಯೆಸ್ಟರನ್ನು ಗಟ್ಟಿಯಾಗಗೊಡುವುದಿಲ್ಲ.

ಇದರ ಮೇಲೆ ಜುಲೈ ತಿಂಗಳ ತೇವ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ 61 ದಿನಗಳ ಮೀನುಗಾರಿಕೆ ನಿಷೇಧವಿರುವುದರಿಂದ ದೋಣಿಗಳನ್ನು ದಡಕ್ಕೆ ಎಳೆದು ದುರಸ್ತಿ ಮಾಡಲು ಬಿಡುವು ಸಿಗುವುದು ಆಗಲೇ, ಮಳೆ ಜಡಿಯುವುದೂ ಆಗಲೇ. ಕಸುಬಿನವರು ಹೇಗೋ ನಿಭಾಯಿಸುತ್ತಾರೆ; ಅವರು ದುರಸ್ತಿ ಮಾಡುವುದು ಹೆಚ್ಚಾಗಿ ಫೈಬರಿನ ಮೇಲೆ ಫೈಬರನ್ನು, ನೀರು ಕುಡಿದ ಹಳೆಯ ಮರದ ಮೇಲಲ್ಲ. ತೇವವು ಕೋಬಾಲ್ಟಿನ ಕೆಲಸವನ್ನು ಮಂದಗೊಳಿಸುತ್ತದೆ, ಮ್ಯಾಟಿನ ಎಳೆಗಳ ಮೇಲೆ ಕೂತು ರೆಸಿನ್ ಅವುಗಳನ್ನು ನೆನೆಸದಂತೆ ಮಾಡುತ್ತದೆ. ಮ್ಯಾಟಿನಲ್ಲಿ ಬಿಳಿ ಎಳೆಗಳು ಎದ್ದು ಕಂಡರೆ ಅದು ಸರಿಯಾಗಿ ನೆನೆದಿಲ್ಲ ಎಂದು ತಿಳಿಯಬೇಕು. ಮ್ಯಾಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಣ ಜಾಗದಲ್ಲಿಡುವುದು, ಬಳಸುವ ಮೊದಲು ಬಿಸಿಲಿಗೆ ಅಥವಾ ಹಳದಿ ಬಲ್ಬಿನ ಕಾವಿಗೆ ಒಂದಷ್ಟು ಹೊತ್ತು ಹಿಡಿಯುವುದು ಮಳೆಗಾಲದಲ್ಲಿ ಅನಿವಾರ್ಯ.

ಹಾಗಾದರೆ ಪರಿಹಾರವೇನು? ಹಸಿಯಾಗಿರುವ ಭಾಗಗಳ ಮ್ಯಾಟನ್ನು ಕಿತ್ತು, ಮರ ಕಾಣುವವರೆಗೆ ಹೆರೆದು ತೆಗೆಯಲೇಬೇಕು. ಇಲ್ಲಿ ಕನಿಕರಕ್ಕೆ ಎಡೆಯಿಲ್ಲ. ರಬ್ಬರಿನಂತಿರುವ ಬದಿಯನ್ನು ಒಂದು ವಾರ ಕಾದು ನೋಡಬಹುದು: ಟಾರ್ಪಾಲಿನ ಗುಡಾರ ಮಾಡಿ ಒಳಗೆ ಒಂದೆರಡು ಹಳದಿ ಬಲ್ಬುಗಳನ್ನು ಉರಿಸಿಟ್ಟು 40 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವನ್ನು ಹಲವು ಗಂಟೆ ಉಳಿಸಿದರೆ ನಿಂತ ಹೆಣಿಗೆ ಮುಂದುವರಿಯುವುದುಂಟು. ಆದರೆ ಸ್ಟೈರೀನಿನ ಆವಿಗೆ ಬೆಂಕಿ ಹತ್ತುತ್ತದೆ. ಹಸಿ ಭಾಗವನ್ನೆಲ್ಲ ತೆಗೆದು ವಾಸನೆ ಇಳಿದ ಮೇಲಷ್ಟೇ ಇದನ್ನು ಮಾಡಿ, ಒಲೆ, ಕೆಂಡ ಹತ್ತಿರ ತರಬೇಡಿ. ಆಮೇಲೆ ಬಿಳಿ ಬಟ್ಟೆಯನ್ನು ಅಸಿಟೋನಿನಲ್ಲಿ ಅದ್ದಿ ಒಂದು ಮೂಲೆಯನ್ನು ಉಜ್ಜಿ ನೋಡಿ. ಉಜ್ಜಿದ ಜಾಗ ಮೆತ್ತಗಾಗಿ ಮತ್ತೆ ಅಂಟಿದರೆ ಅದು ಬೆಂದಿಲ್ಲ, ಕೀಳಬೇಕು. ಮೇಲಿನಿಂದ ಹಾರ್ಡ್‌ನರ್ ಬಳಿಯುವ ಉಪಾಯ ಕೆಲಸ ಮಾಡದಿರುವುದು ಇದಕ್ಕಾಗಿಯೇ: ಅರೆಬರೆ ಹೆಣೆದ ಪದರದೊಳಕ್ಕೆ ಅದು ಇಳಿಯುವುದಿಲ್ಲ, ಮೇಲೆಯೇ ನಿಂತು ಮುಂದಿನ ಕೋಟನ್ನೂ ಕೆಡಿಸುತ್ತದೆ. ಮಿಗಿಲಾಗಿ, ಅದರ ಒಂದು ಹನಿ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಹಾರ್ಡ್‌ನರ್ ಬಾಟಲಿ ತೆರೆಯುವ ಪ್ರತಿ ಸಲವೂ ಕನ್ನಡಕ ಹಾಕಬೇಕು. ಸಿಡಿದರೆ ಆ ಕ್ಷಣವೇ ಹರಿಯುವ ನೀರಿನಲ್ಲಿ 15 ನಿಮಿಷ ಬಿಡದೆ ತೊಳೆದು ಆಸ್ಪತ್ರೆಗೆ ಹೋಗಬೇಕು.

ಮರವನ್ನು ಬರಿದು ಮಾಡಿದ ಮೇಲೆ ಅವಸರ ಬೇಡ. ದೀಪಾವಳಿ ಕಳೆದು ಮಳೆ ಪೂರ್ತಿ ನಿಲ್ಲಲಿ, ಮರ ತಿಂಗಳುಗಟ್ಟಲೆ ಒಣಗಲಿ (ಇಲ್ಲಿ ‘ಒಣಗು’ ಎಂಬ ಪದ ಸರಿಯಾಗಿಯೇ ಇದೆ). ಎಣ್ಣೆ ಎದ್ದು ಬಂದಂತೆಲ್ಲ ಅಸಿಟೋನಿನಿಂದ ಒರೆಸಿ ಒರೆಸಿ ತೆಗೆಯಿರಿ. ಆಮೇಲೆ ಒಂದು ಅಡಿ ಅಗಲದ ತುಂಡಿನ ಮೇಲೆ ಮಾತ್ರ ಪ್ರಯೋಗ ಮಾಡಿ ಒಂದು ದಿನ ಬಿಟ್ಟು ನೋಡಿ. ಅಲ್ಲಿಯೂ ಹಸಿ ಉಳಿದರೆ ಪಾಲಿಯೆಸ್ಟರಿನ ಆಸೆ ಬಿಟ್ಟು ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್‌ಗೆ ಹೋಗುವುದು ಸರಿ. ಅದು ಗಟ್ಟಿಯಾಗುವ ಬಗೆಯೇ ಬೇರೆಯಾದ್ದರಿಂದ ಫೀನಾಲುಗಳು ಅದನ್ನು ಹಾಗೆ ತಡೆಯುವುದಿಲ್ಲ, ಮರಕ್ಕೆ ಅದರ ಹಿಡಿತವೂ ಹೆಚ್ಚು. ಬೆಲೆಯೂ ಹೆಚ್ಚೇ. ಹಳೆಯ ಮರದ ದೋಣಿಗೆ ನಾನಾಗಿದ್ದರೆ ಮೊದಲಿನಿಂದಲೂ ಎಪಾಕ್ಸಿಯನ್ನೇ ಆರಿಸುತ್ತಿದ್ದೆ.

ಪ್ರಶ್ನೆ: ಸ್ಕೂಟರಿನ ಒಡೆದ ಪಕ್ಕದ ಭಾಗಕ್ಕೆ ಫೈಬರ್ ಅಚ್ಚು ತೆಗೆಯಲು ಹೊರಟೆ. ಜನವರಿಯಲ್ಲಿ ಬೆಳಗ್ಗೆ ಆರಕ್ಕೆ ಮಹಡಿಯ ಮೇಲೆ ಬಳಿದದ್ದು ಮಧ್ಯಾಹ್ನವಾದರೂ ಕದಲಲಿಲ್ಲ. ಮರುದಿನ ಮಧ್ಯಾಹ್ನ ಒಂದು ಕಿಲೋ ರೆಸಿನ್‌ಗೆ ಒಟ್ಟಿಗೆ ಎರಡು ಪಟ್ಟು ಹಾರ್ಡ್‌ನರ್ ಹಾಕಿದೆ. ಐದು ನಿಮಿಷದಲ್ಲಿ ಮಗ್ಗಿನಲ್ಲಿಯೇ ಹೊಗೆಯೆದ್ದು, ಕಲ್ಲಾಗಿ, ಬಿರುಕು ಬಿಟ್ಟಿತು. ಒಂದೇ ಡಬ್ಬಿಯ ರೆಸಿನ್ ಹೀಗೇಕೆ ಎರಡು ಬಗೆಯಾಗಿ ವರ್ತಿಸಿತು?
– ಓದುಗರು, ಬೆಂಗಳೂರು

ಉತ್ತರ: ರೆಸಿನ್ ಎರಡು ಬಗೆಯಾಗಿ ವರ್ತಿಸಲಿಲ್ಲ, ತಾವು ಅದನ್ನು ಎರಡು ಬೇರೆ ಹವೆಗಳಲ್ಲಿ, ಎರಡು ಬೇರೆ ಪಾತ್ರೆಗಳಲ್ಲಿ ಇಟ್ಟಿರಿ. ಕಾವು 10 ಡಿಗ್ರಿ ಏರಿದರೆ ಹೆಣಿಗೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಒರಟು ಲೆಕ್ಕ. ಬೆಂಗಳೂರಿನ ಜನವರಿ ಮುಂಜಾನೆ 15–16 ಡಿಗ್ರಿಯಿದ್ದರೆ ಮಧ್ಯಾಹ್ನ 27ರ ಆಸುಪಾಸು. ಅಷ್ಟರಲ್ಲೇ ವೇಗ ಎರಡು ಪಟ್ಟಿಗೂ ಮೀರುತ್ತದೆ. ಹದಿನೈದು ಡಿಗ್ರಿಗಿಂತ ಕೆಳಗೆ ಪಾಲಿಯೆಸ್ಟರ್ ಕೆಲಸವನ್ನು ಕೈಗೆತ್ತಿಕೊಳ್ಳದಿರುವುದೇ ಮೇಲು.

ಇನ್ನೊಂದು ಸಂಗತಿ ಪಾತ್ರೆಯದು. ರೆಸಿನ್ ಗಟ್ಟಿಯಾಗುವಾಗ ತಾನೇ ಕಾವನ್ನು ಹೊರಹಾಕುತ್ತದೆ. ಅಗಲವಾಗಿ ತೆಳ್ಳಗೆ ಹರಡಿದಾಗ ಆ ಕಾವು ಗಾಳಿಗೆ ಹೋಗಿಬಿಡುತ್ತದೆ. ಮಗ್ಗಿನಲ್ಲಿ ಒಂದು ಕಿಲೋ ಒಟ್ಟಾಗಿ ನಿಂತಾಗ ಹೋಗಲು ದಾರಿಯಿಲ್ಲದೆ, ಕಾವು ವೇಗವನ್ನು, ವೇಗ ಕಾವನ್ನು ಹೆಚ್ಚಿಸುತ್ತ ಹೊಗೆಯವರೆಗೆ ಹೋಗುತ್ತದೆ. ಮಗ್ಗಿನಲ್ಲಿ ಮಿಕ್ಕ ರೆಸಿನ್ ಗಟ್ಟಿಯಾಗಿರುವಾಗಲೂ ಅಚ್ಚಿನ ಮೇಲಿನದು ಇನ್ನೂ ಮೆತ್ತಗಿರುವುದು ಇದೇ ಕಾರಣಕ್ಕೆ, ಆದ್ದರಿಂದ ಮಗ್ಗನ್ನು ನೋಡಿ ಅಚ್ಚಿನ ಹದವನ್ನು ಊಹಿಸಬೇಡಿ. ಹೊಗೆ ಏಳುವ ಮಗ್ಗನ್ನು ಕೈಗವಸು ಹಾಕಿ ಹೊರಗೆ ಬಯಲಿಗೆ ಒಯ್ದು, ಉರಿಯುವ ವಸ್ತುಗಳಿಂದ ದೂರವಿಡಬೇಕು. ಕಸದ ಬುಟ್ಟಿಗಂತೂ ಹಾಕಬಾರದು.

ಒಮ್ಮೆಗೆ 200–300 ಗ್ರಾಂ ಮಾತ್ರ ಕಲಸಿ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟು ತನ್ನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ, ಅಂದರೆ ಚದರ ಮೀಟರಿಗೆ ಸುಮಾರು ಒಂದು ಕಿಲೋ. ಸ್ಕೂಟರಿನ ಪಕ್ಕಕ್ಕೆ ಇಷ್ಟು ಬೇಕಾಗಿರಲೇ ಇಲ್ಲ. ಕೆಲಸಕ್ಕೆ ಮೊದಲು ಆ ದಿನದ ಹವೆಯಲ್ಲಿಯೇ 100 ಗ್ರಾಂ ಕಲಸಿ, ಗಡಿಯಾರ ನೋಡುತ್ತ, ಅದು ಎಷ್ಟು ನಿಮಿಷಕ್ಕೆ ಹರಿಯುವುದನ್ನು ಬಿಟ್ಟು ಗಸಿಯಂತಾಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಇಪ್ಪತ್ತು ನಿಮಿಷದ ಆಸುಪಾಸು ಬಂದರೆ ಹೊಸಬರ ಕೈಗೆ ಅನುಕೂಲ. ಹೆಪ್ಪಿನ ಹೋಲಿಕೆ ಮುರಿದು ಬೀಳುವುದು ಇಲ್ಲಿಯೇ: ಹೆಪ್ಪು ಹೆಚ್ಚಾದರೆ ಮೊಸರು ಹುಳಿಯಾಗಬಹುದು, ಅಷ್ಟೇ, ಹಾರ್ಡ್‌ನರ್ ಶೇಕಡಾ 3ನ್ನು ಮೀರಿದರೆ ಬೇಗ ಗಸಿಗಟ್ಟಿದರೂ ಕೊನೆಯ ಗಟ್ಟಿತನ ಕಡಿಮೆಯಾಗುತ್ತದೆ, ಏಕೆಂದರೆ ಹಾರ್ಡ್‌ನರನ್ನು ಕರಗಿಸಿಟ್ಟ ಎಣ್ಣೆಯಂತಹ ದ್ರವ ಒಳಗೆ ಉಳಿದು ಮೆತ್ತಗಾಗಿಸುತ್ತದೆ. ಚಳಿಗೆ ಮದ್ದು ಕಾವು, ಹಾರ್ಡ್‌ನರ್ ಅಲ್ಲ. ರೆಸಿನ್ ಡಬ್ಬಿಯನ್ನು ಹಿಂದಿನ ರಾತ್ರಿ ಮನೆಯೊಳಗಿಟ್ಟು, ಹನ್ನೊಂದು ಗಂಟೆಯ ಮೇಲೆ ನೆರಳಿನಲ್ಲಿ ಕೆಲಸ ಆರಂಭಿಸಿದ್ದರೆ ತಮ್ಮ ಎರಡು ದಿನವೂ ಉಳಿಯುತ್ತಿದ್ದವು.

ಪ್ರಶ್ನೆ: ಮನೆಯ ಸಿಮೆಂಟ್ ತೊಟ್ಟಿ ಸೋರುತ್ತಿತ್ತೆಂದು ಒಳಗೆ ಫೈಬರ್ ಹೊಡೆಸಿದೆವು. ಮುಟ್ಟಿದರೆ ಗಟ್ಟಿಯಾಗಿದೆ, ಸೋರುತ್ತಿಲ್ಲ, ಆದರೆ ತಿಂಗಳಾದರೂ ನೀರಿಗೆ ಬಣ್ಣದಂಗಡಿಯ ವಾಸನೆ. ಕುಡಿಯಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಕುಡಿಯಬೇಡಿ. ಗಟ್ಟಿಯಾಗುವುದು ಮತ್ತು ಪೂರ್ತಿ ಹೆಣೆಯುವುದು ಒಂದೇ ಅಲ್ಲ. ಆ ವಾಸನೆ ಹೆಣಿಗೆಗೆ ಸೇರದೆ ಉಳಿದ ಸ್ಟೈರೀನಿನದು. ಅದರ ವಾಸನೆ ಅತಿ ಕಡಿಮೆ ಪ್ರಮಾಣದಲ್ಲಿಯೂ ಮೂಗಿಗೆ ತಿಳಿಯುತ್ತದೆ. ತೊಟ್ಟಿಯನ್ನು ಖಾಲಿ ಮಾಡಿ, ಮುಚ್ಚಳ ತೆರೆದು, ಬೇಸಗೆಯ ಬಿಸಿಲಿನಲ್ಲಿ ಹಲವು ದಿನ ಕಾಯಲು ಬಿಡಿ. ಆಮೇಲೆ ಬಿಸಿನೀರಿನಿಂದ ತೊಳೆದು, ತುಂಬಿಸಿ, ಎರಡು ದಿನ ಬಿಟ್ಟು ಆ ನೀರನ್ನು ಚೆಲ್ಲಿ. ಹೀಗೆ ಕೆಲವು ಸಲ ಮಾಡಿದಾಗ ವಾಸನೆ ಇಳಿಯುತ್ತ ಬರಬೇಕು. ತೊಟ್ಟಿಯೊಳಗೆ ಇಳಿಯುವವರು ಒಬ್ಬರೇ ಇಳಿಯಬಾರದು, ಮೇಲೆ ಇನ್ನೊಬ್ಬರು ನಿಂತಿರಬೇಕು. ಆ ಆವಿ ಮುಚ್ಚಿದ ಜಾಗದಲ್ಲಿ ತಲೆ ಸುತ್ತಿಸುತ್ತದೆ, ಬೆಂಕಿಗೂ ಬೇಗ ಹತ್ತುತ್ತದೆ. ಇಷ್ಟಾದರೂ ವಾಸನೆ ಉಳಿದರೆ ಆ ತೊಟ್ಟಿಯನ್ನು ಗಿಡಗಳಿಗೆ ಮತ್ತು ತೊಳೆಯುವ ಕೆಲಸಕ್ಕೆ ಮೀಸಲಿಡಿ. ಕುಡಿಯುವ ನೀರಿಗೆಂದು ತಯಾರಿಸಿದ ರೆಸಿನ್ ಬೇರೆ ಇರುತ್ತದೆ, ಕೆಲಸ ಒಪ್ಪಿಸುವ ಮೊದಲೇ ಅದನ್ನು ಕೇಳಿ ಪಡೆಯಬೇಕು.

ಪ್ರಶ್ನೆ: ಗಣೇಶನ ಮಂಟಪಕ್ಕೆ ಥರ್ಮಾಕೋಲಿನಲ್ಲಿ ಕೆತ್ತಿದ ಕಮಾನಿನ ಮೇಲೆ ಫೈಬರ್ ಹಾಕಿದರೆ ಕಮಾನೇ ಕರಗಿಹೋಯಿತು. ಹಾರ್ಡ್‌ನರ್ ಹೆಚ್ಚಾಯಿತೇ?
– ಓದುಗರು, ಶಿವಮೊಗ್ಗ

ಉತ್ತರ: ಹಾರ್ಡ್‌ನರಿನ ತಪ್ಪಿಲ್ಲ. ಥರ್ಮಾಕೋಲ್ ಎಂದರೆ ಪಾಲಿಸ್ಟೈರೀನ್. ಅದು ಸ್ಟೈರೀನಿನಲ್ಲಿ ಸಕ್ಕರೆ ನೀರಿನಲ್ಲಿ ಕರಗಿದಂತೆ ಕರಗುತ್ತದೆ. ಥರ್ಮಾಕೋಲ್ ಲೋಟದಲ್ಲಿ ರೆಸಿನ್ ಕಲಸಿದರೂ ಲೋಟದ ತಳ ಕಳಚಿ ಎಲ್ಲವೂ ನೆಲದ ಪಾಲಾಗುತ್ತದೆ, ನಾನೂ ಒಮ್ಮೆ ಕಲಿತ ಪಾಠ. ಕಮಾನಿನ ಮೇಲೆ ನೇರವಾಗಿ ಎಪಾಕ್ಸಿ ಹಾಕಬಹುದು, ಅದರಲ್ಲಿ ಸ್ಟೈರೀನ್ ಇಲ್ಲ.

ಪ್ರಶ್ನೆ: ಮೇಜಿನ ಹಲಗೆಗೆ ಎಪಾಕ್ಸಿ ಸುರಿದೆ. ಬೇಗ ಗಟ್ಟಿಯಾಗಲೆಂದು ಹಾರ್ಡ್‌ನರ್ ಸ್ವಲ್ಪ ಹೆಚ್ಚು ಹಾಕಿದ್ದೆ. ನಾಲ್ಕು ದಿನವಾದರೂ ಒತ್ತಿದರೆ ಗುಳಿ ಬೀಳುತ್ತದೆ.
– ಓದುಗರು, ಮೈಸೂರು

ಉತ್ತರ: ಪಾಲಿಯೆಸ್ಟರಿನಲ್ಲಿ ಹಾರ್ಡ್‌ನರ್ ಕೆಲಸವನ್ನು ಆರಂಭಿಸುವ ಕಿಡಿ, ಎಪಾಕ್ಸಿಯಲ್ಲಿ ಅದು ಗೋಡೆಯ ಅರ್ಧ ಇಟ್ಟಿಗೆ. ಹೆಚ್ಚಾದ ಇಟ್ಟಿಗೆಗಳಿಗೆ ಜೋಡಿ ಸಿಗದೆ ಅವು ಹಾಗೆಯೇ ಉಳಿದು ಗೋಡೆಯನ್ನು ಮೆತ್ತಗಾಗಿಸುತ್ತವೆ. ಡಬ್ಬಿಯ ಮೇಲೆ ಬರೆದ ಅನುಪಾತವನ್ನು, ಅದು ತೂಕದ್ದೋ ಅಳತೆಯದ್ದೋ ಎಂದು ನೋಡಿಕೊಂಡು, ಹಾಗೆಯೇ ಪಾಲಿಸಬೇಕು. ಆ ಪದರವನ್ನು ಕಾಯಿಸಿದರೂ ಸರಿಹೋಗುವುದಿಲ್ಲ. ಹೆರೆದು ತೆಗೆದು, ಅಸಿಟೋನಿನಿಂದ ಒರೆಸಿ, ಮರಳುಕಾಗದ ಹಾಕಿ ಮತ್ತೆ ಸುರಿಯಿರಿ. ಮೇಲೆ ಪಾಲಿಯೆಸ್ಟರ್ ರೆಸಿನ್ ಬಳಿದು ಮುಚ್ಚೋಣ ಎಂದುಕೊಂಡಿದ್ದರೆ ಅದನ್ನು ಬಿಡಿ: ಮಿಕ್ಕಿರುವ ಎಪಾಕ್ಸಿ ಹಾರ್ಡ್‌ನರ್ ಅದನ್ನು ಗಟ್ಟಿಯಾಗಗೊಡುವುದಿಲ್ಲ, ಆಗ ತಮ್ಮ ಮೇಜಿನ ಮೇಲೆ ಒಂದರ ಬದಲು ಎರಡು ಅಂಟು ಪದರಗಳಿರುತ್ತವೆ.